ಬರ್ತ್ ಶೇ 65 ಮಾತ್ರ ಭರ್ತಿ, ಆದರೂ ಹಡಗು ಹೊರಗೆ ಕಾಯುವುದು ಯಾಕೆ? (ಪಣಂಬೂರು, ಕಲ್ಲಿದ್ದಲು)

ಲೆಕ್ಕದ_ಪುಸ್ತಕ (ಪ್ರಶ್ನೆ)

ಇಂಡೊನೇಷ್ಯಾದಿಂದ ಪಣಂಬೂರಿನ ನವಮಂಗಳೂರು ಬಂದರಿಗೆ ಕಲ್ಲಿದ್ದಲು ತರಿಸುವ ಪ್ರಸ್ತಾವವೊಂದಕ್ಕೆ ಖರ್ಚಿನ ಅಂದಾಜು ಮಾಡುತ್ತಿದ್ದೇನೆ. ಸೂಪ್ರಾಮ್ಯಾಕ್ಸ್ ಹಡಗು (ಬಿಡಿ ಸರಕಿನ ಮಧ್ಯಮ ಗಾತ್ರದ್ದು), 55,000 ಟನ್, ಐದು ಹೋಲ್ಡ್ (ಮಾಲು ತುಂಬುವ ಕೋಣೆ), ಹಡಗಿನದ್ದೇ 30 ಟನ್ನಿನ ನಾಲ್ಕು ಕ್ರೇನ್. ಸಾಮಾನ್ಯ ಬರ್ತಿನಲ್ಲಿ (ಹಡಗು ಕಟ್ಟುವ ದಕ್ಕೆ) ಇಳಿಸಿ ಟಿಪ್ಪರಿನಲ್ಲಿ ಯಾರ್ಡಿಗೆ, ಅಲ್ಲಿಂದ ಸ್ವಲ್ಪ ಲಾರಿಗೆ, ಸ್ವಲ್ಪ ರೈಲಿಗೆ.

ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು: ಮೂರು ಬರ್ತುಗಳ ಒಂದು ಗುಂಪು ವರ್ಷಕ್ಕೆ ಶೇ 65ರಿಂದ 70ರಷ್ಟು ಮಾತ್ರ ಭರ್ತಿ ಇರುತ್ತದೆ ಎಂದುಕೊಳ್ಳಿ. ಅಂದರೆ ಮೂರರಲ್ಲಿ ಒಂದು ಬಹುಮಟ್ಟಿಗೆ ಖಾಲಿ. ಹಾಗಿದ್ದರೆ ಹಡಗು ಹೊರಗೆ ಲಂಗರು ಹಾಕಿ ಎರಡು ಮೂರು ದಿನ ಕಾಯುವ ಲೆಕ್ಕ ಎಲ್ಲಿಂದ ಬರುತ್ತದೆ?

ಎರಡನೆಯದು: ಸ್ಟೀವ್‌ಡೋರ್‌ಗಳ (ಹಡಗಿನ ಮಾಲು ಇಳಿಸುವ ಗುತ್ತಿಗೆದಾರರು) ದರಪಟ್ಟಿಯಲ್ಲಿ ಇಂಥ ಹಡಗಿಗೆ ದಿನಕ್ಕೆ 15,000 ಟನ್ ಎಂದು ಬರೆದಿರುತ್ತಾರೆ. ಹಡಗಿನವರು ಚಾರ್ಟರ್ ಪಾರ್ಟಿಯಲ್ಲಿ (ಹಡಗಿನ ಬಾಡಿಗೆ ಕರಾರು) 12,000ಕ್ಕೆ ಖಾತರಿ ಕೊಡಿ ಎನ್ನುತ್ತಾರೆ. ಒಪ್ಪಬಹುದೇ?

ಮೂರನೆಯದು: ಕಾಯುವ ದಿನ ಯಾರ ತಲೆಗೆ?

---

ಹ್ಯಾಚ್_ನಂ_3

ಎರಡನೆಯದಕ್ಕೆ ಮೊದಲು ಉತ್ತರ ಬೇಕು, ಉಳಿದೆರಡೂ ಅದರ ಮೇಲೆಯೇ ನಿಂತಿವೆ. 12,000 ಒಪ್ಪಬೇಡಿ. ಲೆಕ್ಕ ಹೀಗೆ.

ಕ್ರೇನ್ 30 ಟನ್ನಿನದ್ದು ಅಂದರೂ ಗ್ರಾಬ್ (ಮಾಲು ಕಚ್ಚಿ ಎತ್ತುವ ಉಕ್ಕಿನ ಬಾಯಿ) ಹಾಕಿದಾಗ ಅಷ್ಟು ಎತ್ತಲು ಬಿಡುವುದಿಲ್ಲ. ಅನೇಕ ಹಡಗುಗಳಲ್ಲಿ ಗ್ರಾಬ್ ಕೆಲಸದ ಮಿತಿ 24 ಟನ್ ಆಸುಪಾಸು, ಅದರಲ್ಲಿ ಗ್ರಾಬಿನ ಸ್ವಂತ ತೂಕವೂ ಸೇರಿತು. 12 ಘನ ಮೀಟರಿನ ಗ್ರಾಬ್ 9-10 ಟನ್ ತೂಗುತ್ತದೆ. ಕಲ್ಲಿದ್ದಲು ಘನ ಮೀಟರಿಗೆ ಸುಮಾರು 0.85 ಟನ್. ತುಂಬಾ ತುಂಬಿದರೆ 10 ಟನ್, ಸರಾಸರಿ ಕಚ್ಚು 9 ಟನ್ ಎಂದಿಟ್ಟುಕೊಳ್ಳಿ.

ಗ್ರಾಬ್ ಬಾಯಿ ತೆರೆದು ಇಳಿಯುತ್ತದೆ, ತನ್ನ ಭಾರದಲ್ಲೇ ರಾಶಿಗೆ ಹಲ್ಲೂರುತ್ತದೆ, ಮುಚ್ಚಿ ಮೇಲೇಳುತ್ತದೆ, ಜಿಬ್ (ಕ್ರೇನಿನ ತೋಳು) ತಿರುಗಿ ದಕ್ಕೆಯ ಮೇಲಿನ ಹಾಪರಿನ (ಟಿಪ್ಪರಿಗೆ ಮಾಲು ಬೀಳಿಸುವ ಲಾಳಿಕೆ) ನೆತ್ತಿಗೆ ಬರುತ್ತದೆ, ತೂಗಾಟ ನಿಂತ ಮೇಲೆ ಬಾಯಿ ಬಿಡುತ್ತದೆ, ವಾಪಸ್. ಇಷ್ಟಕ್ಕೆ ಎರಡೂವರೆ ನಿಮಿಷ. ಗಂಟೆಗೆ 24 ಸುತ್ತು, 216 ಟನ್. ನಾಲ್ಕು ಕ್ರೇನಿಗೆ 864. ಅದನ್ನು 24 ಗಂಟೆಯಿಂದ ಗುಣಿಸಿದರೆ 20,700 ಟನ್ ಬರುತ್ತದೆ. ಈ ಸಂಖ್ಯೆಯನ್ನು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಮೊದಲ ಕಡಿತ ಪಾಳಿಯದ್ದು. ದಿನಕ್ಕೆ ಮೂರು ಪಾಳಿ. ಜನ ಬದಲಾಗುವುದು, ಊಟ, ಹ್ಯಾಚ್ (ಹೋಲ್ಡಿನ ಬಾಯಿ) ಬದಲಿಸುವುದು ಎಲ್ಲ ಸೇರಿ ಪ್ರತಿ ಪಾಳಿಯಲ್ಲಿ ಒಂದು ಗಂಟೆಯ ಮೇಲೆ ಹೋಗುತ್ತದೆ. ದಿನಕ್ಕೆ ಕೈಗೆ ಸಿಗುವುದು 20 ಗಂಟೆ.

ಎರಡನೆಯದು ತಳದ ಮಾಲು, ಹೊಸಬರು ಮರೆಯುವುದು ಇದನ್ನೇ. ಮೊದಲ ಎರಡು ದಿನ ರಾಶಿ ಎತ್ತರ ಇರುವಾಗ ಗ್ರಾಬ್ ಎಲ್ಲಿ ಬಿದ್ದರೂ ತುಂಬುತ್ತದೆ. ಕೊನೆಯ ಶೇ 10-12 ಮಾಲು ಹ್ಯಾಚಿನ ಬಾಯಿಯ ನೇರಕ್ಕೆ ಇರುವುದಿಲ್ಲ. ಹೋಲ್ಡಿನ ನಾಲ್ಕು ಮೂಲೆ, ಇಳಿಜಾರು ತಟ್ಟೆ, ಪಕ್ಕೆಲುಬುಗಳ ಸಂದಿಯಲ್ಲಿ ಕೂತಿರುತ್ತದೆ. ಆಗ ಹಿಟಾಚಿಯನ್ನೋ ಪೇಲೋಡರನ್ನೋ ಕ್ರೇನಿನಲ್ಲೇ ಒಳಗಿಳಿಸಿ ಮಾಲನ್ನು ನಡುವಿಗೆ ದೂಡಿಸಬೇಕು, ಸಂದಿಯದ್ದನ್ನು ಜನ ಸಲಿಕೆಯಲ್ಲಿ ಕೆರೆಯಬೇಕು. ಯಂತ್ರ ಇಳಿಸುವಾಗ, ಎತ್ತುವಾಗ ಆ ಕ್ರೇನ್ ಮಾಲು ಎತ್ತುವುದಿಲ್ಲ. ಒಳಗೆ ಯಂತ್ರ, ಜನ ಇರುವಾಗ ಗ್ರಾಬ್ ನಿಧಾನಕ್ಕೆ ಇಳಿಯಬೇಕು. ವೇಗ ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ಒಂದು ಕ್ರೇನಿನ ಪಾಲು 13,750 ಟನ್. ಅದರಲ್ಲಿ 12,100 ಟನ್ ಗಂಟೆಗೆ 216ರಂತೆ 56 ಗಂಟೆ. ಉಳಿದ 1,650 ಟನ್ ಗಂಟೆಗೆ 72ರಂತೆ 23 ಗಂಟೆ. ನೋಡಿ, ಶೇ 12 ಮಾಲಿಗೆ ಶೇ 29 ಸಮಯ. ಒಟ್ಟು 79 ಗಂಟೆ, ದಿನಕ್ಕೆ 20 ಗಂಟೆಯಂತೆ ನಾಲ್ಕು ದಿನಕ್ಕೆ ಚೂರು ಕಮ್ಮಿ. ದಿನಕ್ಕೆ 13,900 ಟನ್.

ಮೂರನೆಯದು ಕಾಯುವಿಕೆ: ಹಾಪರಿನ ಕೆಳಗೆ ಟಿಪ್ಪರ್ ಇಲ್ಲ, ಗ್ರಾಬಿನ ತಂತಿಹಗ್ಗ ತುಂಡಾಯಿತು, ಹೈಡ್ರಾಲಿಕ್ ಹೋಸ್ ಒಡೆಯಿತು, ಒದ್ದೆ ಮಾಲು ಹಾಪರಿನಲ್ಲಿ ಅಂಟಿತು. ಇದಕ್ಕೆ ಶೇ 18 ಇಡಿ. 11,400 ಬಂತು. ಹಡಗಿಗೆ 4.8 ದಿನ.

ಇದು ಎಲ್ಲ ಸರಿಯಿದ್ದ ಹಡಗಿನ ಲೆಕ್ಕ. ನಾಲ್ಕರಲ್ಲಿ ಒಂದು ಕ್ರೇನ್ ಕೈಕೊಟ್ಟರೆ ಪಕ್ಕದ್ದು ಅದರ ಹೋಲ್ಡನ್ನೂ ಹೊರಬೇಕು. ಒಂದೇ ಹೋಲ್ಡಿನಲ್ಲಿ ಎರಡು ಜಿಬ್ ಒಟ್ಟಿಗೆ ಆಡಿಸಲು ಆಗುವುದಿಲ್ಲ, ತಾಗುತ್ತವೆ. ಹಾಗಾಗಿ 10,000ಕ್ಕೆ ಸಹಿ ಹಾಕಿ. ಹಡಗು ಗೊತ್ತುಮಾಡುವ ಮೊದಲು ಕ್ರೇನುಗಳ ಗ್ರಾಬ್ ಮಿತಿ, ಗ್ರಾಬಿನ ಅಳತೆ ಮತ್ತು ಸಂಖ್ಯೆ, ಹೋಲ್ಡಿನ ಪ್ರಕಾರ ಮಾಲಿನ ಹಂಚಿಕೆ ಬರವಣಿಗೆಯಲ್ಲಿ ತರಿಸಿಕೊಳ್ಳಿ.

---

ಸಾಲು_ಸಿದ್ಧಾಂತ

ಶೇ 65ರ ಒಗಟಿಗೆ ಬರುತ್ತೇನೆ. ಇದು ಬಂದರಿನ ಒಗಟಲ್ಲ, ಸಾಲಿನದ್ದು. ನೂರು ವರ್ಷಕ್ಕೂ ಹಿಂದೆ ಕೋಪನ್‌ಹೇಗನ್ನಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಎಷ್ಟು ಲೈನ್ ಬೇಕು ಎಂದು ಲೆಕ್ಕ ಹಾಕಲು ಹೊರಟ ಅರ್ಲಾಂಗ್ ಎಂಬ ಗಣಿತಜ್ಞ ಇದನ್ನು ಬಿಡಿಸಿಟ್ಟಿದ್ದಾನೆ. ಹಡಗಿಗೂ ಅದೇ ಸೂತ್ರ.

ಹಡಗುಗಳು ಟೈಮ್‌ಟೇಬಲ್ ನೋಡಿ ಬರುವುದಿಲ್ಲ. ಒಂದು ವಾರ ಯಾರೂ ಇಲ್ಲ, ಮರುವಾರ ಮೂರು ಒಟ್ಟಿಗೆ. ಖಾಲಿ ಹೋದ ವಾರದ ಬರ್ತನ್ನು ಉಪ್ಪಿನಕಾಯಿ ಹಾಕಿ ಮರುವಾರಕ್ಕೆ ಇಟ್ಟುಕೊಳ್ಳಲು ಬರುವುದಿಲ್ಲವಲ್ಲ. ವರ್ಷದ ಸರಾಸರಿ ಶೇ 65 ಎಂದರೆ ಅದರೊಳಗೆ ಶೂನ್ಯದ ದಿನವೂ ಉಂಟು, ಬರ್ತೆಲ್ಲ ತುಂಬಿ ಹೊರಗೆ ಮೂರು ನಿಂತ ದಿನವೂ ಉಂಟು.

ಹಡಗುಗಳು ಯದ್ವಾತದ್ವಾ ಬರುತ್ತವೆ, ಇಳಿಸುವ ಸಮಯವೂ ಹಾಗೆಯೇ ಏರಿಳಿಯುತ್ತದೆ ಎಂದು ಹಿಡಿದರೆ, ಶೇ 70 ಭರ್ತಿಯಲ್ಲಿ ಸರಾಸರಿ ಕಾಯುವ ಸಮಯ ಇಷ್ಟು:

ಒಂದೇ ಬರ್ತ್: ಇಳಿಸುವ ಸಮಯದ 2.33 ಪಟ್ಟು
ಎರಡು ಬರ್ತ್: 0.96 ಪಟ್ಟು
ಮೂರು: 0.55 ಪಟ್ಟು
ನಾಲ್ಕು: 0.36 ಪಟ್ಟು

ಹ್ಯಾಚ್ ಅವರ 4.8 ದಿನ ತೆಗೆದುಕೊಳ್ಳಿ. ಮೂರು ಬರ್ತಿನ ಗುಂಪಿನಲ್ಲಿ ಶೇ 70 ಭರ್ತಿ ಇದ್ದರೆ 2.6 ದಿನ ಕಾಯಬೇಕು. ನಿಮ್ಮ 'ಎರಡು ಮೂರು ದಿನ' ಬಂದದ್ದು ಇಲ್ಲಿಂದ. ಅದೇ 4.8 ದಿನದ ಹಡಗು ಒಂದೇ ಬರ್ತನ್ನು ನೆಚ್ಚಿಕೊಂಡಿದ್ದರೆ 11 ದಿನ!

ಸೂತ್ರ ಸ್ವಲ್ಪ ಹೆಚ್ಚೇ ಹೆದರಿಸುತ್ತದೆ, ನಿಜ. ಒಂದೇ ಬಗೆಯ ಹಡಗು, ಒಂದೇ ಬಗೆಯ ಮಾಲು ಇದ್ದಲ್ಲಿ ಇಳಿಸುವ ಸಮಯ ಅಷ್ಟೊಂದು ಹೊಯ್ದಾಡುವುದಿಲ್ಲ, ಆಗ ಮುಕ್ಕಾಲು ಪಾಲು ಹಿಡಿದರೆ ಸಾಕು. ವಿಶ್ವಸಂಸ್ಥೆಯ ವ್ಯಾಪಾರ-ಅಭಿವೃದ್ಧಿ ವಿಭಾಗ ಅಂಕ್ಟಾಡ್ ಕೊಟ್ಟ ಮಾರ್ಗಸೂಚಿಯೂ ಇದೇ ತರ್ಕದ್ದು: ಸಾಮಾನ್ಯ ಸರಕಿನ ಒಂದೇ ಬರ್ತ್ ಇದ್ದರೆ ಶೇ 40, ಎರಡಿದ್ದರೆ 50, ಮೂರಿಗೆ 55, ನಾಲ್ಕಕ್ಕೆ 60, ಐದಕ್ಕೆ 65, ಅದರ ಮೇಲೆ 70. ಇದನ್ನು ದಾಟಿಸಬೇಡಿ ಎನ್ನುತ್ತದೆ. ಮೂರು ಬರ್ತಿಗೆ ಶೇ 65-70 ಅಂದರೆ 'ಖಾಲಿ ಉಂಟು' ಅಲ್ಲ, ಮಿತಿ ದಾಟಿ ಆಗಿದೆ.

ಇನ್ನೊಂದು. 'ಬಂದರಿನಲ್ಲಿ ಇಷ್ಟು ಬರ್ತ್' ಎಂಬ ಒಟ್ಟು ಸಂಖ್ಯೆಯಿಂದ ಭಾಗಿಸಬೇಡಿ. ಪಣಂಬೂರು ವರ್ಷಕ್ಕೆ 4.5 ಕೋಟಿ ಟನ್ ಆಸುಪಾಸು ಸಾಗಿಸುತ್ತದೆ, ಅದರಲ್ಲಿ ದೊಡ್ಡ ಪಾಲು ಎಂಆರ್‌ಪಿಎಲ್‌ನ (ಮಂಗಳೂರಿನ ತೈಲ ಸಂಸ್ಕರಣಾ ಕಂಪನಿ) ಕಚ್ಚಾತೈಲ, ಪೆಟ್ರೋಲಿಯಂ, ಜತೆಗೆ ಎಲ್‌ಪಿಜಿ. ತೈಲ ಜೆಟ್ಟಿ ಖಾಲಿ ಬಿದ್ದಿದ್ದರೂ ಕಲ್ಲಿದ್ದಲಿನ ಹಡಗು ಅಲ್ಲಿಗೆ ಹೋಗಲಾರದು. ಕಂಟೈನರ್ ಬರ್ತ್ ಕಂಟೈನರಿಗೆ. ನಿಮ್ಮ ಹಡಗು ನಿಜಕ್ಕೂ ಹೋಗಬಹುದಾದ ಬರ್ತ್ ಎಷ್ಟು, ಅಷ್ಟೇ ನಿಮ್ಮ ಬಂದರು.

---

ಲೆಕ್ಕದ_ಪುಸ್ತಕ

ಇಬ್ಬರಿಗೂ ಧನ್ಯವಾದ. ಒಂದು ಉಪಪ್ರಶ್ನೆ: ಹಾಗಾದರೆ ಸಾಲು ಕರಗಿಸಲು ನಾಲ್ಕನೇ ಬರ್ತ್ ಒಳ್ಳೆಯದೋ, ಇರುವ ಮೂರರಲ್ಲಿ ದೊಡ್ಡ ಕ್ರೇನ್ ಹಾಕುವುದು ಒಳ್ಳೆಯದೋ?

---

ಸಾಲು_ಸಿದ್ಧಾಂತ

ಲೆಕ್ಕ ಹಾಕಿಯೇ ಹೇಳುತ್ತೇನೆ, ಅದೇ ಮೂರು ಬರ್ತ್, ಶೇ 70, 4.8 ದಿನ.

ಈಗ: ಕಾಯುವುದು 2.6, ಇಳಿಸುವುದು 4.8, ಒಟ್ಟು 7.4 ದಿನ.
ನಾಲ್ಕನೇ ಬರ್ತ್ ಬಂದರೆ: ಭರ್ತಿ ಶೇ 52.5ಕ್ಕೆ ಇಳಿಯುತ್ತದೆ. ಕಾಯುವುದು 0.5, ಇಳಿಸುವುದು 4.8, ಒಟ್ಟು 5.3.
ಬರ್ತ್ ಮೂರೇ, ಇಳಿಸುವ ಸಮಯ ಶೇ 20 ಕಡಿಮೆ ಆದರೆ: ಭರ್ತಿ ಶೇ 56. ಕಾಯುವುದು 0.9, ಇಳಿಸುವುದು 3.84, ಒಟ್ಟು 4.7.

ವೇಗ ಎರಡು ಸಲ ಲಾಭ ಕೊಡುತ್ತದೆ. ಈ ಹಡಗೂ ಬೇಗ ಹೋಗುತ್ತದೆ, ಹಿಂದಿನದ್ದೂ ಬೇಗ ಒಳಬರುತ್ತದೆ. ಕಾಂಕ್ರೀಟು ಸುರಿದು ಬರ್ತ್ ಕಟ್ಟುವುದಕ್ಕಿಂತ 100 ಟನ್ನಿನ ಹಾರ್ಬರ್ ಮೊಬೈಲ್ ಕ್ರೇನ್ ತಂದು ನಿಲ್ಲಿಸುವುದು ಎಷ್ಟೋ ಬೇಗ ಮುಗಿಯುವ ಕೆಲಸ. ಒಂದು ಷರತ್ತು: ಕ್ರೇನ್ ಕೊಟ್ಟದ್ದನ್ನು ಹಿಂದೆ ನಿಂತ ಟಿಪ್ಪರಿನವರು ಹೊತ್ತೊಯ್ಯಬೇಕು.

---

ಟಿಪ್ಪರ್_ಸುತ್ತು

ಆ ಷರತ್ತೇ ಎಲ್ಲ ಮಾರಾಯ್ರೆ. ಕ್ರೇನಿನ ಲೆಕ್ಕ ಎಲ್ಲರೂ ಹಾಕುತ್ತಾರೆ, ಟಿಪ್ಪರಿನದ್ದು ಯಾರಿಗೂ ಬೇಡ.

ನಾಲ್ಕು ಕ್ರೇನ್ ಜೋರಾಗಿ ಓಡುವಾಗ ಗಂಟೆಗೆ 860 ಟನ್ ಬೀಳುತ್ತದೆ. ಟಿಪ್ಪರಿಗೆ 17 ಟನ್ ಹಾಕಿದರೆ ಗಂಟೆಗೆ 51 ಲೋಡು, ಅಂದರೆ 70 ಸೆಕೆಂಡಿಗೆ ಒಂದು. ಒಂದು ಸುತ್ತಿಗೆ, ಎಂದರೆ ಹಾಪರ್ ಕೆಳಗೆ ನಿಲ್ಲುವುದು, ತುಂಬುವುದು, ಟಾರ್ಪಲ್, ವೇಬ್ರಿಡ್ಜ್ (ಲಾರಿ ತೂಗುವ ಕಾಟಾ), ಯಾರ್ಡು, ಸುರಿಯುವುದು, ಚಕ್ರ ತೊಳೆಯುವುದು, ವಾಪಸ್, ಇಷ್ಟಕ್ಕೆ 50 ನಿಮಿಷ. ಹಾಗಾದರೆ ರಸ್ತೆಯ ಮೇಲೆ ಒಂದೇ ಹೊತ್ತಿಗೆ 43 ಟಿಪ್ಪರ್ ಬೇಕು. ಪಂಕ್ಚರು, ಡೀಸೆಲು, ಡ್ರೈವರ್ ಊಟ ಅಂತ ಐದಾರು ಹೆಚ್ಚು ಇಟ್ಟುಕೊಳ್ಳಿ. ಗುತ್ತಿಗೆ ಕಾಗದದಲ್ಲಿ '30 ವಾಹನ' ಎಂದಿದ್ದರೆ ನಿಮ್ಮ ಕ್ರೇನ್ ಗಂಟೆಗೆ 612 ಟನ್ನಿನ ಮೇಲೆ ಹೋಗುವ ಹಾಗೇ ಇಲ್ಲ, ಗ್ರಾಬ್ ಎಷ್ಟು ದೊಡ್ಡದಿದ್ದರೂ ಅಷ್ಟೆ.

ಸುತ್ತಿನ 50 ನಿಮಿಷದಲ್ಲಿ ಎಲ್ಲಿ ಹೋಗುತ್ತದೆ ಎಂದು ಗಡಿಯಾರ ಹಿಡಿದು ನೋಡಿದರೆ ಹೆಚ್ಚಿನ ಸಲ ವೇಬ್ರಿಡ್ಜ್. ಒಂದು ಲೋಡಿಗೆ ಒಂದೂವರೆ ನಿಮಿಷ ಹಿಡಿದರೂ ಒಂದು ವೇಬ್ರಿಡ್ಜ್ ಗಂಟೆಗೆ 40 ದಾಟಿಸುವುದಿಲ್ಲ. 51 ಬರುತ್ತಿದೆ, 40 ಹೋಗುತ್ತಿದೆ. ಮೊದಲ ಗಂಟೆಯಲ್ಲೇ ಸಾಲು ಬೆಳೆಯಲು ಶುರು. ನಿಮ್ಮ 43ರಲ್ಲಿ ಹತ್ತು ಟಿಪ್ಪರ್ ಸದಾ ವೇಬ್ರಿಡ್ಜ್ ಮುಂದೆ, ಕ್ರೇನ್ ಗಂಟೆಗೆ 680 ಟನ್ನಿಗೆ ಇಳಿದು ಕ್ರೇನಿನವ ನಡುನಡುವೆ ಬೀಡಿ ಸೇದುತ್ತಾ ಕೂತ. ಖಾಲಿ ತೂಕವನ್ನು ಪ್ರತಿ ಸುತ್ತಿಗೆ ತೆಗೆಯದೆ ಪಾಳಿಗೆ ಒಮ್ಮೆ ತೆಗೆದು ದಾಖಲಿಸುವುದು, ಇನ್ನೊಂದು ವೇಬ್ರಿಡ್ಜ್ ಕೇಳುವುದು, ಎರಡೂ ಹಡಗು ಬರುವ ಮೊದಲೇ ಆಗಬೇಕು.

ಯಾರ್ಡು ಆಮೇಲೆ. 55,000 ಟನ್ನನ್ನು ಚದರ ಮೀಟರಿಗೆ 3 ಟನ್ನಿನಂತೆ ರಾಶಿ ಹಾಕಿದರೆ 18,300 ಚದರ ಮೀಟರ್ ಬೇಕು, ನಾಲ್ಕೂವರೆ ಎಕರೆ. ಅದು ರಾಶಿಯ ಬುಡ ಮಾತ್ರ, ಟಿಪ್ಪರ್ ತಿರುಗುವ ದಾರಿ, ನೀರಿನ ಚರಂಡಿ ಬೇರೆ. ಅಲ್ಲಿಂದ ದಿನಕ್ಕೆ 5,000 ಟನ್ ಹೊರಟರೆ ಖಾಲಿಯಾಗಲು 11 ದಿನ. ಮುಂದಿನ ಹಡಗು ಎಂಟನೇ ದಿನಕ್ಕೆ ಬಂದರೆ ರಾಶಿ ಇನ್ನೂ 15,000 ಟನ್ ಉಳಿದಿರುತ್ತದೆ.

ಘಟ್ಟದ ಮೇಲಿನ ಊರಿಗೆ ಹೋಗುವ ಮುಖ್ಯ ದಾರಿ ಎರಡು, ಎರಡಕ್ಕೂ ಘಟ್ಟ ಅಡ್ಡ. ರೈಲಿನಲ್ಲಿ ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದವರೆಗೆ 55 ಕಿ.ಮೀ., 50ಕ್ಕೆ 1ರ ಏರು. ತುಂಬಿದ ರೇಕನ್ನು (ಗೂಡ್ಸ್ ರೈಲು) ಹಿಂದೆ ಮುಂದೆ ಎಂಜಿನ್ ಕಟ್ಟಿ ಹತ್ತಿಸಬೇಕು, ಹಾಗಾಗಿ ದಿನಕ್ಕೆ ಹೋಗುವ ರೈಲಿನ ಸಂಖ್ಯೆಗೇ ಮಿತಿ. ಒಂದು ರೇಕ್ 58-59 ವ್ಯಾಗನ್, 3,700 ಟನ್ ಆಚೀಚೆ. ಬಳ್ಳಾರಿ ಕಡೆಗಾದರೆ ಅದೇ ದಾರಿ. ರಸ್ತೆಯಲ್ಲಿ ಶಿರಾಡಿ ಘಾಟಿ, ರಾಷ್ಟ್ರೀಯ ಹೆದ್ದಾರಿ 75. ಜುಲೈ, ಆಗಸ್ಟಿನಲ್ಲಿ ಗುಡ್ಡ ಜರಿದರೆ ಎರಡೂ ಒಂದೇ ವಾರದಲ್ಲಿ ಬಂದ್ ಆಗಬಹುದು. ಆಗ ಯಾರ್ಡು ತುಂಬುತ್ತದೆ, ಟಿಪ್ಪರ್ ನಿಲ್ಲುತ್ತದೆ, ಕ್ರೇನ್ ನಿಲ್ಲುತ್ತದೆ, ಬರ್ತ್ ಬಿಡುವುದಿಲ್ಲ, ಹೊರಗೆ ಸಾಲು. ಘಟ್ಟದ ದೋಣಿಗಲ್ಲಿನಲ್ಲಿ ಬಿದ್ದ ಮಣ್ಣು ಪಣಂಬೂರಿನಲ್ಲಿ ಹಡಗು ನಿಲ್ಲಿಸುತ್ತದೆ. ಮಳೆಗಾಲದ ಹಡಗಿಗೆ ಯಾರ್ಡು ಮೊದಲೇ ಖಾಲಿ ಮಾಡಿಟ್ಟುಕೊಳ್ಳಿ.

---

ಅಳಿವೆ_ಬಾಗಿಲು

ಬಾಗಿಲಿನ ಮಾತು ಯಾರೂ ಎತ್ತಲಿಲ್ಲ, ಹಾಗಾಗಿ ಸೇರಿಸುತ್ತೇನೆ.

ನವಮಂಗಳೂರು ನದಿ ಬಂದರಲ್ಲ. ನೆಲ ಕೊರೆದು ಮಾಡಿದ ಕೊಳ, 1974ರಲ್ಲಿ ಮಹಾಬಂದರು ಎಂದು ಘೋಷಣೆಯಾದದ್ದು. ಸಮುದ್ರದಿಂದ ಒಳಬರಲು ಅಗೆದ ಕಾಲುವೆ 7.5 ಕಿ.ಮೀ. ಉದ್ದ, 245 ಮೀಟರ್ ಅಗಲ. ಬಾಯಲ್ಲಿ ಉತ್ತರಕ್ಕೊಂದು ದಕ್ಷಿಣಕ್ಕೊಂದು 770 ಮೀಟರಿನ ಅಲೆತಡೆಗೋಡೆ. ಒಳಗೆ ಹಡಗು ತಿರುಗಿಸುವ ವೃತ್ತ 570 ಮೀಟರ್ ವ್ಯಾಸದ್ದು. ದೊಡ್ಡ ಹಡಗಿಗೆ ಇದು ಒಂದೇ ಸಾಲಿನ ರಸ್ತೆ: ಒಂದು ಹೊರಬಿದ್ದ ಮೇಲೆಯೇ ಇನ್ನೊಂದು ಒಳಗೆ. ಪೈಲಟ್ ಹತ್ತಿದಲ್ಲಿಂದ ಟಗ್ ಹಿಡಿದು ತಿರುಗಿಸಿ ಎಲ್ಲ ಹಗ್ಗ ಬಿಗಿಯುವವರೆಗೆ ಒಂದೂವರೆ ಎರಡು ಗಂಟೆ ಇಟ್ಟುಕೊಳ್ಳಿ. ಎರಡು ಹೊರಗೆ, ಎರಡು ಒಳಗೆ ಅಂದರೆ ಅರ್ಧ ಹಗಲು ಮುಗಿಯಿತು. ಅತಿ ದೊಡ್ಡ ಕಚ್ಚಾತೈಲದ ಹಡಗುಗಳು ಈಗ ಹೊರಗೆ ಸಮುದ್ರದಲ್ಲೇ ತೇಲುಬೋಯಿಗೆ ಕಟ್ಟಿಕೊಂಡು ಪೈಪಿನಲ್ಲಿ ಇಳಿಸುವುದರಿಂದ ಕಾಲುವೆಗೆ ಅಷ್ಟು ಹಗುರ.

ಬರ್ತ್ ಖಾಲಿ ಕಾಣುವ ಹೊತ್ತಿನಲ್ಲಿ ಒಂದು ಪಾಲು ಇದೇ. ಇಳಿಸಿ ಮುಗಿದ ಹಡಗಿನ ಡ್ರಾಫ್ಟ್ ಸರ್ವೆ (ಮುಳುಗಿದ ಆಳ ನೋಡಿ ಮಾಲಿನ ತೂಕ ಲೆಕ್ಕ ಹಾಕುವುದು), ಕಸ್ಟಮ್ಸ್ ಅನುಮತಿ, ಬಂದರಿನ ಬಾಕಿ ಇಲ್ಲವೆಂಬ ಚೀಟಿ, ಪೈಲಟ್, ಹೊರಗೆ ಹೋಗುವುದು, ಹೊಸದು ಬರುವುದು: ಎರಡು ಹಡಗುಗಳ ನಡುವೆ ಐದು ಗಂಟೆ ಹೋದರೆ 4.8 ದಿನದ ಮೇಲೆ ಶೇ 4. ಯಾರ ತಪ್ಪೂ ಅಲ್ಲ, ಆದರೆ ಲೆಕ್ಕಕ್ಕೆ ಬರಬೇಕು.

ಡ್ರಾಫ್ಟ್ ವಿಷಯ. ಕಾಲುವೆಯ ಆಳ 15 ಮೀಟರಿನ ಮೇಲೆ, ಒಳಬರುವ ಹಡಗಿನ ಮಿತಿ 14 ಮೀಟರ್. ಸೂಪ್ರಾಮ್ಯಾಕ್ಸ್ 55,000 ಟನ್ ಹೊತ್ತು 12.5 ಮೀಟರ್ ಚಿಲ್ಲರೆ ಮುಳುಗುವುದರಿಂದ ನಿಮಗೆ ಉಬ್ಬರಕ್ಕೆ ಕಾಯುವ ತಾಪತ್ರಯ ಇಲ್ಲ ಎನ್ನಬಹುದು, ಒಳ್ಳೆಯ ಹವೆಯಲ್ಲಿ. ಮಳೆಗಾಲದಲ್ಲಿ ಪಶ್ಚಿಮದ ಉಬ್ಬಲೆ ಹಡಗನ್ನು ಏರಿಳಿಸುತ್ತದೆ, ಜತೆಗೆ ಕಾಲುವೆಯಲ್ಲಿ ಹೂಳು ಕೂರುತ್ತದೆ. ಹೂಳೆತ್ತುವುದು ಮಳೆ ಮುಗಿದ ಮೇಲೆ. ಆ ನಡುವೆ ಮಿತಿ ಇಳಿಸುತ್ತಾರೆ. ಹಡಗು ಗೊತ್ತುಮಾಡುವ ದಿನದ ಮಿತಿಯಲ್ಲ, ಬರುವ ದಿನಕ್ಕೆ ಜಾರಿಯಲ್ಲಿರುವ ಮಿತಿ ನೋಡಿ. ಅಲ್ಲಿ ಲೋಡ್ ಮಾಡಿ ಬಂದ ಮೇಲೆ ಸಮುದ್ರಕ್ಕೆ ಚೆಲ್ಲಲು ಆಗುವುದಿಲ್ಲವಲ್ಲ.

ಯಾವ ಹಡಗಿಗೆ ಯಾವ ಬರ್ತ್ ಎಂದು ತೀರ್ಮಾನಿಸುವ ಬರ್ತಿಂಗ್ ಮೀಟಿಂಗ್ ದಿನಾ ನಡೆಯುತ್ತದೆ. ಏಜೆಂಟರ ಕೈಯಲ್ಲಿ ಅಂದು ಇರಬೇಕಾದದ್ದು: ಆಮದು ಮ್ಯಾನಿಫೆಸ್ಟ್ (ಮಾಲಿನ ಪಟ್ಟಿ) ಸಲ್ಲಿಕೆಯಾಗಿರಬೇಕು, ಬಂದರಿನ ಠೇವಣಿ ಕಟ್ಟಿರಬೇಕು, ಸ್ಟೀವ್‌ಡೋರ್ ಹೆಸರು, ಯಾರ್ಡಿನ ಜಾಗ ಮಂಜೂರು. ಇದರಲ್ಲಿ ಒಂದು ಇಲ್ಲದಿದ್ದರೂ ಸರದಿ ಬಂದದ್ದು ಹಿಂದಿನವರ ಪಾಲಾಗುತ್ತದೆ.

---

ಚಾರ್ಟರ್_ಗುಮಾಸ್ತ

ಮೂರನೇ ಪ್ರಶ್ನೆ ನನಗೆ ಬಿಟ್ಟಂತಿದೆ. ಕಾಯುವ ದಿನ ಯಾರ ತಲೆಗೆ ಎನ್ನುವುದು ಚಾರ್ಟರ್ ಪಾರ್ಟಿಯ ಒಂದು ಮಾತಿನಲ್ಲಿ ಕೂತಿದೆ: 'ಬರ್ತ್ ಸಿಗಲಿ ಬಿಡಲಿ'. ಈ ಮಾತು ಇದ್ದರೆ ಹಡಗು ಹೊರಗೆ ಲಂಗರು ಹಾಕಿದಲ್ಲಿಂದಲೇ ಸಿದ್ಧತಾ ನೋಟಿಸ್ (ಇಳಿಸಲು ತಯಾರಿದ್ದೇವೆ ಎಂಬ ಪತ್ರ) ಕೊಡಬಹುದು, ಗಡಿಯಾರ ಓಡುತ್ತದೆ. ಇಲ್ಲದಿದ್ದರೆ ವಾದಕ್ಕೆ ಜಾಗ ಉಂಟು.

ಉದಾಹರಣೆಗೆ ದರ 10,000 ಟನ್, ಲೇಟೈಮ್ (ಇಳಿಸಲು ಕರಾರಿನಲ್ಲಿ ಕೊಟ್ಟ ಸಮಯ) 5.5 ದಿನ ಅಂದರೆ 132 ಗಂಟೆ. ನೋಟಿಸ್ ಸೋಮವಾರ ಬೆಳಗ್ಗೆ 6ಕ್ಕೆ, 12 ಗಂಟೆ ಬಿಡುವು. ಗಡಿಯಾರ ಶುರು ಸೋಮವಾರ ಸಂಜೆ 6. ಗುರುವಾರ ಸಂಜೆ 6ಕ್ಕೆ ಲಂಗರು ಎತ್ತಿತು: 72 ಗಂಟೆ ಹೋಯಿತು. ಒಳಬರುವ 4 ಗಂಟೆ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ರಾತ್ರಿ 10ಕ್ಕೆ ಇಳಿಸಲು ಶುರು, 115 ಗಂಟೆ ಬೇಕು, ಮುಂದಿನ ಮಂಗಳವಾರ ಸಂಜೆ 5ಕ್ಕೆ ಮುಗಿಯಿತು. ಒಟ್ಟು 187 ಗಂಟೆ, 132 ಕಳೆದರೆ 55 ಗಂಟೆ ಡೆಮರೇಜ್, ಎಂದರೆ ತಡವಾದದ್ದಕ್ಕೆ ಹಡಗಿನವರಿಗೆ ಕಟ್ಟುವ ಹಣ. ದಿನಕ್ಕೆ 16,000 ಡಾಲರ್ ದರವಿದ್ದರೆ 36,667 ಡಾಲರ್, ಟನ್ನಿಗೆ 67 ಸೆಂಟ್. ಇದನ್ನು ಅಪಾಯ ಎಂದು ಬರೆಯಬೇಡಿ. ಸಾಲು ಅವರ ಲೆಕ್ಕದ ಪ್ರಕಾರ ಕಾಯುವುದೇ ಸರಾಸರಿ ಆದ್ದರಿಂದ, ಖರ್ಚುಪಟ್ಟಿಯಲ್ಲಿ ಒಂದು ಸಾಲಾಗಿಯೇ ಹಾಕಿಬಿಡಿ.

ಇದರಲ್ಲಿ ಒಂದು ಗೂಟ ಉಂಟು, ನೋಡಿ. ಲೇಟೈಮ್ ಮುಗಿಯುವುದು ಭಾನುವಾರ ಬೆಳಗ್ಗೆ 10ಕ್ಕೆ. ಶನಿವಾರ ಮಳೆ ಬಂದು ಹ್ಯಾಚ್ ಮುಚ್ಚಿದರೆ, 'ಹವೆ ಅನುಕೂಲದ ದಿನ' ಎಂಬ ಷರತ್ತಿದ್ದಲ್ಲಿ ಆ ಗಂಟೆ ಕಳೆಯುತ್ತಾರೆ. ಅದೇ ಮಳೆ ಸೋಮವಾರ ಬಂದರೆ ಕಳೆಯುವುದಿಲ್ಲ. ಒಮ್ಮೆ ಡೆಮರೇಜಿಗೆ ಬಿದ್ದ ಮೇಲೆ ಮಳೆ, ರಜೆ, ಹಬ್ಬ ಯಾವುದೂ ನಿಮ್ಮನ್ನು ಕಾಪಾಡುವುದಿಲ್ಲ.

---

ಹ್ಯಾಚ್_ನಂ_3

ಸರದಿಯ ಬಗ್ಗೆ ಒಂದು ಅಡ್ಡಮಾತು. ಮೊದಲು ಬಂದವನಿಗೆ ಮೊದಲ ಜಾಗ ಎನ್ನುವುದು ನ್ಯಾಯ ಅನ್ನಿಸುತ್ತದೆ, ಆದರೆ ಅದೇ ಸಾಲನ್ನು ಬೆಳೆಸುತ್ತದೆ. ಸರದಿ ಹಿಡಿಯಲು ಎಲ್ಲರೂ ಪೂರ್ತಿ ವೇಗದಲ್ಲಿ ಓಡಿ ಬಂದು ಲಂಗರು ಹಾಕಿ ಕೂರುತ್ತಾರೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಕಲ್ಲಿದ್ದಲು ತುಂಬಲು ಹತ್ತಾರು ಹಡಗುಗಳು ಹೀಗೆ ಕಾದಿದ್ದಾಗ 2007ರ ಜೂನ್ 8ರ ಬಿರುಗಾಳಿಗೆ ಪಾಶಾ ಬಲ್ಕರ್ ಎಂಬ ಹಡಗು ಊರಿನ ನಾಬೀಸ್ ಬೀಚಿಗೆ ಬಂದು ಬಿದ್ದಿತು, ಎಳೆದು ತೇಲಿಸಿದ್ದು ಜುಲೈ 2ಕ್ಕೆ. ಆಮೇಲೆ ಅಲ್ಲಿ ಸರದಿಯನ್ನು ದೂರದಿಂದಲೇ ಕೊಟ್ಟು ನಿಧಾನಕ್ಕೆ ಬನ್ನಿ ಎನ್ನುವ ವ್ಯವಸ್ಥೆ ಬಂತು. 2021ರ ನವೆಂಬರಿನಲ್ಲಿ ಲಾಸ್ ಏಂಜಲೀಸ್, ಲಾಂಗ್ ಬೀಚ್ ಬಂದರುಗಳೂ ಕಂಟೈನರ್ ಹಡಗಿಗೆ ಇಂಥದ್ದನ್ನೇ ತಂದವು.

ಇಂಧನ ವೇಗದ ಘನಕ್ಕೆ ಏರುತ್ತದೆ. 14 ನಾಟ್ ಬದಲು 12ರಲ್ಲಿ ಬಂದರೆ ದಿನದ ಇಂಧನ ಶೇ 37 ಕಡಿಮೆ, ಪ್ರಯಾಣ ಉದ್ದವಾದದ್ದು ಸೇರಿಸಿದರೂ ಶೇ 26 ಉಳಿತಾಯ. ಪಣಂಬೂರಿನಲ್ಲಿ ಹೇಗೂ ಮೂರು ದಿನ ಕಾಯುವುದಾದರೆ ಆ ಮೂರು ದಿನವನ್ನು ದಾರಿಯಲ್ಲೇ ಕಳೆಯುವುದು ಲಾಭ. ಅದಕ್ಕೆ ನೋಟಿಸ್ ಕೊಟ್ಟಂತೆ ಯಾವ ಗಂಟೆಗೆ ಎಣಿಸಬೇಕು ಎಂದು ಮೊದಲೇ ಬರೆದುಕೊಂಡಿರಬೇಕು. ಇಲ್ಲದಿದ್ದರೆ ಯಾವ ಕ್ಯಾಪ್ಟನ್ನೂ ವೇಗ ಇಳಿಸುವುದಿಲ್ಲ.

---

ಲೆಕ್ಕದ_ಪುಸ್ತಕ

ಪಟ್ಟಿ ತಿದ್ದಿದೆ: ದರ 10,000, ಟಿಪ್ಪರ್ 48, ವೇಬ್ರಿಡ್ಜ್ ಎರಡು, ಡೆಮರೇಜ್ ಟನ್ನಿಗೆ 67 ಸೆಂಟ್. ಹಡಗು ಹೋದ ಮೇಲೆ ಲೆಕ್ಕದ ಜಗಳ ಬಂದರೆ ಯಾವ ಕಾಗದ ನಿಲ್ಲುತ್ತದೆ?

---

ಚಾರ್ಟರ್_ಗುಮಾಸ್ತ

ಘಟನಾವಳಿಯ ಹಾಳೆ, ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್ ಅನ್ನುತ್ತಾರಲ್ಲ, ಅದೊಂದೇ. ಅದರಲ್ಲಿ 'ಕೆಲಸ ನಿಂತಿತು 02:10ರಿಂದ 04:40' ಎಂದಷ್ಟೇ ಇದ್ದರೆ ಆ ಎರಡೂವರೆ ಗಂಟೆ ನಿಮ್ಮದು. '2ನೇ ಕ್ರೇನ್ ಹೋಯ್ಸ್ಟ್ ಬ್ರೇಕ್ ಕೆಟ್ಟಿದ್ದರಿಂದ' ಎಂದು ಕಾರಣ ಬರೆಸಿದರೆ ಹಡಗಿನದ್ದು, ಆದರೆ ನಾಲ್ಕರಲ್ಲಿ ಒಂದು ಕ್ರೇನಾದ್ದರಿಂದ ಕಾಲು ಪಾಲು ಮಾತ್ರ, ಎಂದರೆ 37 ನಿಮಿಷ. ಇದನ್ನು ಆ ಪಾಳಿಯಲ್ಲೇ ಡ್ಯೂಟಿ ಆಫೀಸರ್ ಕೈಯಲ್ಲಿ ಬರೆಸಿ ಸಹಿ ಹಾಕಿಸಿ. ಮಂಗಳವಾರ ಸಂಜೆ ಪೈಲಟ್ ಹತ್ತುವ ಗಡಿಬಿಡಿಯಲ್ಲಿ ಯಾರೂ ಹಿಂದಿನ ಶುಕ್ರವಾರದ ಬ್ರೇಕನ್ನು ನೆನಪಿಸಿಕೊಳ್ಳುವುದಿಲ್ಲ. ಅವರು ಸಹಿಗೆ ಒಪ್ಪದಿದ್ದರೆ ಪ್ರತಿಭಟನಾ ಪತ್ರ ಕೊಟ್ಟು ಅದರ ಪ್ರತಿಯ ಮೇಲೆ 'ತಲುಪಿದೆ' ಎಂದಾದರೂ ಬರೆಸಿಕೊಳ್ಳಿ.